ಮ್ಯಾಕ್‌ಬೆತ್ ನಾಟಕಕ್ಕೆ ಸದ್ದು ಕೂಡಿಸುವ ಕೆಲಸ: ಈವರೆಗಿನ ಟಿಪ್ಪಣಿ

ಆಗಸ್ಟ್

ಧಾರವಾಡದ ನಮ್ಮ ಹವ್ಯಾಸಿ ತಂಡ ಈ ವರ್ಷ ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕವನ್ನು ಕೈಗೆತ್ತಿಕೊಂಡಿದೆ. ಬ್ಯಾಂಕಿನ ಕ್ಯಾಶಿಯರ್, ಶಾಲಾ ಶಿಕ್ಷಕಿಯರು, ಕಾಲೇಜು ಹುಡುಗರು, ಹಿಂದೆ ಕಂಪನಿ ನಾಟಕಗಳಲ್ಲಿ ನುಡಿಸುತ್ತಿದ್ದ ಒಬ್ಬ ಪೇಟಿ ಮಾಸ್ತರರು ಸೇರಿದ ತಂಡವಿದು. ನಿವೃತ್ತ ಇಂಗ್ಲಿಷ್ ಉಪನ್ಯಾಸಕರೊಬ್ಬರ ನಿರ್ದೇಶನದಲ್ಲಿ ಮಾಳಮಡ್ಡಿಯ ಒಂದು ಶಾಲೆಯ ಸಭಾಗೃಹದಲ್ಲಿ ರವಿವಾರದ ತಾಲೀಮು ನಡೆಯುತ್ತದೆ. ಪಾರ್ಟು ಮಾಡುವ ಹುಮ್ಮಸ್ಸು ನನಗಿಲ್ಲದ ಕಾರಣ ಸದ್ದಿನ ಹೊಣೆಯನ್ನು ನಾನು ಕೇಳಿ ಪಡೆದಿದ್ದೇನೆ.

ಸುಮಾರು 1606ರಲ್ಲಿ ರಚನೆಯಾಗಿ, ಕವಿ ತೀರಿಹೋದ ಏಳು ವರ್ಷಗಳ ಮೇಲೆ, 1623ರಲ್ಲಿ ಮೊದಲ ಸಲ ಅಚ್ಚಾದ ಈ ನಾಟಕ ಅವನ ದುರಂತ ನಾಟಕಗಳಲ್ಲೆಲ್ಲ ಅತ್ಯಂತ ಚಿಕ್ಕದು. ಆದರೂ ಮಾಟಗಾತಿಯರ ಒಡತಿ ಹೆಕಟಿಯ ದೃಶ್ಯವನ್ನು ಪೂರ್ತಿ ಬಿಟ್ಟಿದ್ದೇವೆ. ಅದು ಬೇರೆ ಕೈಯ ಸೇರ್ಪಡೆಯೆಂದು ಬಹಳ ಮಂದಿ ವಿದ್ವಾಂಸರು ಹೇಳುತ್ತಾರೆ, ಅದಿಲ್ಲದೆ ನಾಟಕಕ್ಕೆ ಏನೂ ಕೊರತೆಯಾಗುವುದಿಲ್ಲ. ಎಂ. ಎಲ್. ಶ್ರೀಕಂಠೇಶಗೌಡರು ಹತ್ತೊಂಬತ್ತನೆಯ ಶತಮಾನದ ಕೊನೆಗೇ ಇದನ್ನು ‘ಪ್ರತಾಪರುದ್ರದೇವ’ವೆಂದು ಕನ್ನಡದ ಮಣ್ಣಿಗೆ ಇಳಿಸಿದ್ದರು. ನಮ್ಮ ನಿರ್ದೇಶಕರು ಮಾತ್ರ ಸ್ಕಾಟ್ಲೆಂಡಿನ ಹೆಸರುಗಳನ್ನೇ ಉಳಿಸಿಕೊಂಡು ತಾವೇ ಅನುವಾದ ಮಾಡಿದ್ದಾರೆ.

ಸದ್ದುಗಳ ಪಟ್ಟಿ ಮಾಡಿಕೊಳ್ಳುವ ಸಲುವಾಗಿ ನಾಟಕವನ್ನು ಕಿವಿಯಿಂದಲೇ ಓದಲು ಕುಳಿತೆ. ಪಟ್ಟಿ ಬೆಳೆಯುತ್ತ ಹೋದಂತೆ ಇದು ಬರಿಯ ಹಿನ್ನೆಲೆಯ ಕೆಲಸವಲ್ಲವೆಂಬುದು ಸ್ಪಷ್ಟವಾಯಿತು. ಸ್ಕಾಟ್ಲೆಂಡಿನ ದಂಡನಾಯಕ ಮ್ಯಾಕ್‌ಬೆತ್ ಪಟ್ಟದ ಆಸೆಗೆ, ಹೆಂಡತಿಯ ಒತ್ತಾಸೆಯಿಂದ, ತನ್ನ ಮನೆಗೆ ಬಂದ ಡಂಕನ್ ದೊರೆಯನ್ನು ಕೊಲ್ಲುತ್ತಾನೆ; ಆ ಕೊಲೆ ರಂಗದ ಮೇಲೆ ನಡೆಯುವುದೇ ಇಲ್ಲ. ಅವನ ಕಣ್ಣಿಗೆ ಗಾಳಿಯಲ್ಲಿ ತೇಲಿದಂತೆ ಕಾಣುವ ಕಠಾರಿಯೊಂದನ್ನು ಬಿಟ್ಟರೆ ಎರಡನೆಯ ಅಂಕದ ಅಪರಾಧವೆಲ್ಲ ಕಿವಿಯ ಮೂಲಕವೇ ಬರುತ್ತದೆ: ಹೊರಡು ಎನ್ನುವ ಗಂಟೆ, ಗೂಗೆಯ ಕೂಗು, ಜೀರುಂಡೆಯ ಸದ್ದು, ನಿದ್ದೆಯಲ್ಲಿ ಒಬ್ಬ ನಕ್ಕದ್ದು, ಇನ್ನೊಬ್ಬ ‘ಕೊಲೆ’ ಎಂದು ಚೀರಿದ್ದು. ಎಚ್ಚೆತ್ತ ಆ ಇಬ್ಬರು ದೇವರನ್ನು ನೆನೆದಾಗ ಮ್ಯಾಕ್‌ಬೆತ್ ‘ಆಮೆನ್’ ಎನ್ನಬೇಕೆಂದರೂ ಆ ಪದ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ, ಬೆನ್ನಹಿಂದೆಯೇ ಇನ್ನು ಮೇಲೆ ನಿನಗೆ ನಿದ್ದೆಯಿಲ್ಲ ಎಂಬ ದನಿಯೊಂದು ಮನೆ ತುಂಬ ಕೂಗುತ್ತದೆ. ಕೊಲೆಗೆ ಮುಂಚೆ ತನ್ನೊಳಗೇ ವಾದ ಮಾಡಿಕೊಳ್ಳುವಾಗಲೂ ಅವನಿಗೆ ಹೊಳೆಯುವುದು ಸದ್ದೇ. ತಾನು ಡಂಕನ್ನನ ಬಂಧು, ಪ್ರಜೆ, ಮೇಲಾಗಿ ಈ ರಾತ್ರಿ ಅವನಿಗೆ ಅನ್ನವಿಕ್ಕಿದ ಯಜಮಾನ ಎಂದು ಲೆಕ್ಕ ಹಾಕಿ, ಆ ಒಳ್ಳೆಯ ದೊರೆಯ ಗುಣಗಳು ಕಹಳೆಯ ದನಿಯಲ್ಲಿ ಕೊಲೆಯ ವಿರುದ್ಧ ಮೊರೆಯಿಡುತ್ತವೆ ಎನ್ನುತ್ತಾನೆ. ಕೊಲ್ಲಲು ತನಗಿರುವುದು ಹಾರಿ ಆಚೆ ಬೀಳುವ ಮಹತ್ವಾಕಾಂಕ್ಷೆಯೊಂದೇ ಎಂಬುದನ್ನೂ ಅವನೇ ಒಪ್ಪುತ್ತಾನೆ. ಇಷ್ಟು ಚೆನ್ನಾಗಿ ಕೇಳಿಸಿಕೊಳ್ಳಬಲ್ಲವನು ಕೊಲೆ ಮಾಡುತ್ತಾನೆ ಎನ್ನುವುದೇ ನನ್ನ ಮಟ್ಟಿಗೆ ಈ ನಾಟಕದ ಭಯ.

ಇದು ಖರೇನ ನಡೆದದ್ದೇ ಎಂದು ಕಾಲೇಜು ಹುಡುಗನೊಬ್ಬ ಕೇಳಿದ. ಚರಿತ್ರೆಯ ಮ್ಯಾಕ್‌ಬೆತ್ 1040ರಲ್ಲಿ ಡಂಕನ್ನನನ್ನು ಕೊಂದದ್ದು ಯುದ್ಧದಲ್ಲಿ. ಆಮೇಲೆ 1057ರವರೆಗೆ ಆಳಿದ. ಅತಿಥಿಯಾಗಿ ಬಂದು ಮಲಗಿದ ದೊರೆಯನ್ನು ಹೆಂಡತಿಯ ಮಾತು ಕೇಳಿ ಕೊಲ್ಲಿಸುವ ಕಥೆ ಷೇಕ್ಸ್‌ಪಿಯರ್ ಆಧರಿಸಿದ ಹಾಲಿನ್‌ಶೆಡ್ಡನ ಚರಿತ್ರೆಯಲ್ಲಿ ಡಾನ್‌ವಾಲ್ಡ್ ಎಂಬ ಬೇರೊಬ್ಬನದು, ಕೊಲೆಯಾದವನು ಡಫ್ ದೊರೆ. ಷೇಕ್ಸ್‌ಪಿಯರ್ ಆ ಪಾಪವನ್ನು ಎತ್ತಿ ತಂದು ಮ್ಯಾಕ್‌ಬೆತ್ತನ ಮನೆಯೊಳಗಿಟ್ಟ. ರಣರಂಗದಲ್ಲಿ ಕೊಂದಿದ್ದರೆ, ನಾಟಕದಲ್ಲಿ ಕೊಲೆಯ ಬೆನ್ನಿಗೇ ಕೇಳಿಬರುವ ಬಡಿತಕ್ಕೆ ಬಾಗಿಲೇ ಇರುತ್ತಿರಲಿಲ್ಲ.

ಸೆಪ್ಟೆಂಬರ್, ಗಣಪತಿ ಕಳಿಸಿದ ಮೇಲೆ

ಸಣ್ಣಪುಟ್ಟ ಕೆಲಸಗಳು ಬೇಗ ಮುಗಿದವು. ಜೀರುಂಡೆಯ ಸದ್ದನ್ನು ಸಾಧನಕೇರಿಯ ದಂಡೆಯಲ್ಲಿ ಮಳೆ ನಿಂತ ರಾತ್ರಿ ಫೋನಿನಲ್ಲಿಯೇ ಹಿಡಿದೆ. ಗೂಗೆಗೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಹಾಲಕ್ಕಿ ನುಡಿಯಿತೆಂದು ನಸುಕಿನಲ್ಲಿ ಬಾಗಿಲಿಗೆ ಬಂದು ಶಕುನ ಹೇಳುವವರನ್ನು ಕಂಡು ಬೆಳೆದ ಊರಿನವರಿಗೆ ಇರುಳಿನ ಹಕ್ಕಿಯ ಕೂಗನ್ನು ವಿವರಿಸಬೇಕಾಗಿಲ್ಲ. ಗಂಟೆಗೆ ಗುಡಿಯ ಗಂಟೆ ಬೇಡವೆಂದು ಜಾಗಟೆಯನ್ನು ಆರಿಸಿದ್ದೇವೆ. ಅದು ಪೂಜೆಯಲ್ಲೂ ಕೇಳುತ್ತದೆ, ಹೆಣದ ಮುಂದೆಯೂ ಕೇಳುತ್ತದೆ. ಈ ಗಂಟೆ ನಿನ್ನನ್ನು ಸ್ವರ್ಗಕ್ಕೋ ನರಕಕ್ಕೋ ಕರೆಯುತ್ತಿದೆ, ಡಂಕನ್, ಇದನ್ನು ಕೇಳಿಸಿಕೊಳ್ಳಬೇಡ ಎಂದು ಹೇಳಿ ಒಳಹೋಗುವವನಿಗೆ ಅದರ ಒಂದೇ ಏಟು ಸಾಕು.

ಬಾಗಿಲು ಬಡಿತ ಮಾತ್ರ ತಿಂಗಳನ್ನೆಲ್ಲ ತಿಂದಿತು. ಅಣ್ಣಿಗೇರಿಯ ಕಡೆಯ ಹಳೆಯ ವಾಡೆಯೊಂದರ ದೊಡ್ಡ ಬಾಗಿಲನ್ನು ಬಡಿದು ಧ್ವನಿಮುದ್ರಿಸಿಕೊಂಡು ಬಂದಿದ್ದೆ. ಸದ್ದು ಗಂಭೀರವಾಗಿಯೇ ಇತ್ತು. ಆದರೆ ಸಭಾಗೃಹದಲ್ಲಿ ಹಾಕಿ ಕೇಳಿದಾಗ ಅದು ರಂಗದ ಎರಡೂ ಬದಿಯ ಸ್ಪೀಕರಿನಿಂದ, ಅಂದರೆ ಎಲ್ಲ ಕಡೆಯಿಂದಲೂ ಬಂದಂತಾಯಿತು. ಪಠ್ಯದಲ್ಲಿ ಆ ಸದ್ದಿಗೆ ಒಂದು ದಿಕ್ಕಿದೆ. ಕೈಯೆಲ್ಲ ನೆತ್ತರಾದ ಗಂಡ ಯಾವ ಸಪ್ಪಳವಾದರೂ ಬೆಚ್ಚಿಬೀಳುತ್ತಿರುವಾಗ ಹೆಂಡತಿ ಒಳಗಿನಿಂದ ಬಂದು, ದಕ್ಷಿಣದ ಬಾಗಿಲನ್ನು ಯಾರೋ ಬಡಿಯುತ್ತಿದ್ದಾರೆ, ಕೋಣೆಗೆ ನಡೆ, ಸ್ವಲ್ಪ ನೀರು ಹಾಕಿದರೆ ಇದೆಲ್ಲ ಹೋಗುತ್ತದೆ ಎನ್ನುತ್ತಾಳೆ. ಅವನಿಗೆ ಅದೇ ಸದ್ದು ತೀರ್ಪು. ಅವಳಿಗೆ ಯಾವ ಬಾಗಿಲು, ಎಷ್ಟು ಹೊತ್ತು ಸಿಕ್ಕೀತು ಎಂಬ ವರ್ತಮಾನ. ಈ ವ್ಯತ್ಯಾಸ ಪ್ರೇಕ್ಷಕರಿಗೆ ತಟ್ಟಬೇಕಾದರೆ ಸದ್ದು ಒಂದೇ ಜಾಗದಿಂದ ಬರಬೇಕು. ಹಾಗಾಗಿ ಧ್ವನಿಮುದ್ರಣವನ್ನು ಬದಿಗಿಟ್ಟು, ಹುಬ್ಬಳ್ಳಿಯ ಗುಜರಿಯಲ್ಲಿ ಸಿಕ್ಕ ಹಳೆಯ ಸಾಗುವಾನಿ ಬಾಗಿಲಿನ ಅರ್ಧ ಭಾಗವನ್ನು ತಂದು, ಬಡಿಗೇರರಿಂದ ಚೌಕಟ್ಟು ಹಾಕಿಸಿ, ಎಡಗಡೆಯ ವಿಂಗಿನ ಹಿಂದೆ ನಿಲ್ಲಿಸಿದ್ದೇವೆ. ಬೆರಳ ಗೆಣ್ಣಿನಿಂದ ಬಡಿದರೆ ಸದ್ದು ತೆಳುವಾಗುತ್ತದೆ, ಅಂಗೈಯಿಂದ ಬಡಿದರೆ ತಬಲಾದಂತೆ ಮೆತ್ತಗಾಗುತ್ತದೆ. ಮುಷ್ಟಿಯ ಕೆಳಬದಿಯಿಂದ, ಹಲಗೆಯ ನಡುವೆ ಅಲ್ಲದೆ ಅಗಳಿಯ ಹತ್ತಿರ ಬಡಿದಾಗ ಮರದ ಜೊತೆಗೆ ಕಬ್ಬಿಣವೂ ಸಣ್ಣಗೆ ಅದುರುತ್ತದೆ. ನನಗೆ ಬೇಕಾದದ್ದು ಅದೇ.

ಇನ್ನು ಲಯದ ಪ್ರಶ್ನೆ. ನಾನು ಮೂರು ಏಟು, ಒಂದು ಬಿಡುವು, ಮತ್ತೆ ಮೂರು ಏಟು ಎಂದು ಗೊತ್ತುಮಾಡಿಕೊಂಡು ಬಡಿಯುತ್ತಿದ್ದಾಗ ಪೇಟಿ ಮಾಸ್ತರರು ತಡೆದರು.

“ತಮ್ಮಾ, ಅದು ತಾಳಕ್ಕ ಬಿದ್ರ ಸಂಗೀತ ಆಕ್ಕೈತಿ. ಬಾಗಲಾ ಬಡಿಯಾಂವಗ ತಾಳದ ಗೊಡವಿ ಎಲ್ಲೀದು?”

“ಮತ್ತ ಹೆಂಗ ಬಡೀಲಿ ಮಾಸ್ತರ?”

“ಒಳಗ ಏನಾಗೇತಿ ಅನ್ನೂದು ನಿನಗ ಗೊತ್ತಿಲ್ಲ ಅಂತ ತಿಳಕೊಂಡು ಬಡಿ. ಹೊತ್ತಾಗೇತಿ ಅಂತ ಬಡಿ.”

ಅವರು ಪಠ್ಯವನ್ನು ಓದಿದವರಲ್ಲ, ತಾಲೀಮಿನಲ್ಲಿ ಕೇಳಿದವರಷ್ಟೆ. ಆದರೂ ಅವರ ಮಾತು ಪಠ್ಯದಲ್ಲಿಯೇ ಇದೆ. ಹೊರಗೆ ನಿಂತಿರುವವರು ದೊರೆಯ ಸರದಾರರಾದ ಮ್ಯಾಕ್‌ಡಫ್ ಮತ್ತು ಲೆನಾಕ್ಸ್. ಬೆಳಿಗ್ಗೆ ಬೇಗ ಎಬ್ಬಿಸು ಎಂದು ದೊರೆ ಅಪ್ಪಣೆ ಕೊಟ್ಟಿದ್ದ, ಹೊತ್ತು ಮೀರುತ್ತ ಬಂದಿದೆ ಎಂಬ ಅವಸರ ಮಾತ್ರ ಮ್ಯಾಕ್‌ಡಫ್‌ನದು. ಬಡಿಯುವವನಲ್ಲಿ ಬೆದರಿಕೆಯಿಲ್ಲ, ಸಂಶಯವಿಲ್ಲ. ಇದನ್ನು ಒಪ್ಪಿದ ದಿನವೇ ಮೊಳಗು ಬರಿಸುವ ಪೆಟ್ಟಿಗೆಯನ್ನು ತೆಗೆದು ಒಳಗಿಟ್ಟೆ. ಭಯ ಕೇಳುವವನ ಕಿವಿಯಲ್ಲಿರಬೇಕು. ಅದನ್ನು ಸದ್ದಿಗೇ ಬೆರೆಸಿಬಿಟ್ಟರೆ ನಟನಿಗೆ ಮಾಡಲು ಏನು ಉಳಿಯಿತು? ಡಂಕನ್ನನನ್ನು ನಿನ್ನ ಬಡಿತದಿಂದ ಎಬ್ಬಿಸು, ನಿನ್ನ ಕೈಯಲ್ಲಿ ಆಗುವಂತಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಮ್ಯಾಕ್‌ಬೆತ್ ಹೇಳಿ ಒಳಸರಿಯುವುದು ಈಗ ಮೊದಲಿಗಿಂತ ಬಹಳ ಸಾದಾ ಆಗಿ, ಬಹಳ ಕೆಟ್ಟದಾಗಿ ಕೇಳಿಸುತ್ತದೆ.

ಇಂಗ್ಲಿಷ್ ಪ್ರಬಂಧಕಾರ ಥಾಮಸ್ ಡಿ ಕ್ವಿನ್ಸಿ 1823ರಲ್ಲಿ ಈ ಬಾಗಿಲು ಬಡಿತವೊಂದನ್ನೇ ಕುರಿತು ಪ್ರಬಂಧ ಬರೆದಿದ್ದಾನೆ. ಕೊಲೆಯ ಹೊತ್ತಿನಲ್ಲಿ ನಿಂತುಹೋಗಿದ್ದ ಮನುಷ್ಯಲೋಕ ಮತ್ತೆ ಉಸಿರಾಡತೊಡಗಿದ್ದನ್ನು ಆ ಸದ್ದು ಸಾರುತ್ತದೆ, ಆಗಲೇ ನಡುವೆ ನಡೆದದ್ದರ ಘೋರ ನಮಗೆ ತಿಳಿಯುತ್ತದೆ ಎಂಬುದು ಅವನ ವಿಚಾರ. ನಮ್ಮಲ್ಲಿ ಆ ಮನುಷ್ಯಲೋಕವಾಗಿ ಬರುವವರು ಕ್ಯಾಶಿಯರ್. ಅವರು ಮಾಡುವ ಕುಡುಕ ದ್ವಾರಪಾಲಕ ಮಾತ್ರ ಅಚ್ಚ ಧಾರವಾಡದ ಮಾತಿನಲ್ಲಿ “ಯಾಂವ ಅದಾಂವ, ಇಷ್ಟೊತ್ತಿನ್ಯಾಗ?” ಎನ್ನುತ್ತ, ತಾನು ನರಕದ ಬಾಗಿಲು ಕಾಯುವವನೆಂದು ಕಲ್ಪಿಸಿಕೊಳ್ಳುತ್ತಾನೆ. ತುಟ್ಟಿಯ ದಿನಕ್ಕೆಂದು ಕಾಳು ಕೂಡಿಟ್ಟು, ಬೆಳೆ ಚೆನ್ನಾಗಿ ಬರುತ್ತದೆಂದು ಗೊತ್ತಾಗಿ ಉರುಲು ಹಾಕಿಕೊಂಡ ರೈತನನ್ನೂ, ತಕ್ಕಡಿಯ ಎರಡೂ ತಟ್ಟೆಯ ಪರವಾಗಿ ಆಣೆ ಮಾಡುವವನನ್ನೂ ಅವನು ಒಳಗೆ ಕರೆಯುವಾಗ ತಾಲೀಮಿನಲ್ಲಿ ಎಲ್ಲರೂ ನಗುತ್ತಾರೆ. ಒಂದು ಸಲ ಹೀಗೆ ನಗು ಎದ್ದಾಗಲೇ ಸ್ಟೇಷನ್ನಿನ ಕಡೆಯಿಂದ ರೈಲು ಕೂಗಿತು, ಕ್ಯಾಶಿಯರ್ “ಬಂದೆ, ಬಂದೆ” ಎಂದು ಅದಕ್ಕೂ ಉತ್ತರ ಕೊಟ್ಟರು. ಅದನ್ನು ಉಳಿಸಿಕೊಳ್ಳಲು ಬರುವುದಿಲ್ಲವೆಂಬುದು ಬೇಸರದ ಸಂಗತಿ.

ಮ್ಯಾಕ್‌ಬೆತ್ ಕೊಲ್ಲಿಸಿದ ಗೆಳೆಯ ಬ್ಯಾಂಕೋ ಔತಣದ ದೃಶ್ಯದಲ್ಲಿ ಭೂತವಾಗಿ ಬರುತ್ತಾನೆ. ಆ ಭೂತಕ್ಕೆ ಸದ್ದು ಬೇಡವೆಂದು ತೀರ್ಮಾನಿಸಿದ್ದೇವೆ. ಭೂತ ಬಂದು ಮ್ಯಾಕ್‌ಬೆತ್ತನ ಜಾಗದಲ್ಲಿ ಕೂರುತ್ತದೆ ಎಂದು 1623ರ ಮುದ್ರಣದಲ್ಲಿಯೇ ಸೂಚನೆಯಿದೆ. 1611ರಲ್ಲಿ ಲಂಡನ್ನಿನ ಗ್ಲೋಬ್ ರಂಗಮಂದಿರದಲ್ಲಿ ಆಟ ನೋಡಿದ ಸೈಮನ್ ಫಾರ್ಮನ್ ಕೂಡ ಹಾಗೆಯೇ ಬರೆದಿಟ್ಟಿದ್ದಾನೆ. ಅದು ಒಂದು ಮಾತನ್ನೂ ಆಡುವುದಿಲ್ಲ. ಪೇಟಿಯಲ್ಲಿ ಒಂದು ಎಳೆತ ಕೊಡೋಣವೆಂದು ನಿರ್ದೇಶಕರಿಗೆ ಆಸೆಯಿತ್ತು, ಮಾಸ್ತರರೇ ಒಪ್ಪಲಿಲ್ಲ.

ಅಕ್ಟೋಬರ್

ಐದನೆಯ ಅಂಕದ ಮೊದಲ ದೃಶ್ಯಕ್ಕೆ ಬಂದಿದ್ದೇವೆ. ಔತಣದ ದೃಶ್ಯದ ನಂತರ ಕಾಣೆಯಾಗಿದ್ದ ಲೇಡಿ ಮ್ಯಾಕ್‌ಬೆತ್ ಇಲ್ಲಿ ನಿದ್ದೆಗಣ್ಣಿನಲ್ಲಿ ನಡೆದು ಬರುತ್ತಾಳೆ. ದೀಪ ಯಾವಾಗಲೂ ಹತ್ತಿರವಿರಬೇಕೆಂದು ಅವಳದೇ ಅಪ್ಪಣೆ. ನಾವು ಅವಳ ಕೈಗೆ ಕಂದೀಲು ಕೊಟ್ಟಿದ್ದೇವೆ. 1785ರಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಈ ಪಾತ್ರ ವಹಿಸಿದ ಸಾರಾ ಸಿಡನ್ಸ್, ಅದುವರೆಗಿನ ರೂಢಿಯನ್ನು ಮುರಿದು ದೀಪವನ್ನು ಕೆಳಗಿಟ್ಟು, ಎರಡೂ ಕೈಗಳನ್ನು ತೊಳೆಯುವ ಅಭಿನಯ ಮಾಡಿದ್ದಳು. ರಂಗಮಂದಿರವನ್ನು ನಡೆಸುತ್ತಿದ್ದ ಶೆರಿಡನ್ ಬೇಡವೆಂದರೂ ಕೇಳಲಿಲ್ಲ. ನಮ್ಮ ಶಿಕ್ಷಕಿಯೂ ಕಂದೀಲನ್ನು ಕೆಳಗಿಡುತ್ತಾರೆ. ಇಟ್ಟಾಗ ಅದರ ತಂತಿಯ ಹಿಡಿಕೆ ಬದಿಗೆ ಬಿದ್ದು ಗಾಜಿನ ಬುರುಡೆಗೆ ತಾಗಿ ಸಣ್ಣಗೆ ಸದ್ದಾಗುತ್ತದೆ. ಅದಕ್ಕೆ ಬಟ್ಟೆ ಸುತ್ತೋಣವೆಂದು ಯಾರೋ ಅಂದರು, ನಾನು ಬೇಡವೆಂದೆ.

ಈ ದೃಶ್ಯದಲ್ಲಿ ಅವಳಿಗೆ ಎಲ್ಲವೂ ಮರಳಿ ಕೇಳಿಸುತ್ತದೆ. ಗಂಟೆಯನ್ನು ಒಂದು, ಎರಡು ಎಂದು ಎಣಿಸುತ್ತಾಳೆ, ಮುದುಕನ ಮೈಯಲ್ಲಿ ಇಷ್ಟೊಂದು ನೆತ್ತರು ಇದ್ದೀತೆಂದು ಯಾರಿಗೆ ಗೊತ್ತಿತ್ತು ಎನ್ನುತ್ತಾಳೆ, ಕೊನೆಗೆ ಬಾಗಿಲು ಬಡಿಯುತ್ತಿದ್ದಾರೆ, ಬಾ, ಕೈ ಕೊಡು ಎಂದು ಇಲ್ಲದ ಗಂಡನನ್ನು ಕರೆದುಕೊಂಡು ಹೋಗುತ್ತಾಳೆ. ಆ ರಾತ್ರಿ ಬಾಗಿಲಿನ ದಿಕ್ಕು ಹೇಳಿದ್ದವಳು ಅವಳು. ಈಗ ಅವಳ ಕಿವಿಗೆ ಬಿದ್ದ ಸದ್ದಿಗೆ ದಿಕ್ಕೇ ಇಲ್ಲ. ಸ್ವಲ್ಪ ನೀರು ಸಾಕೆಂದವಳ ಕೈಯ ವಾಸನೆ ಅರಬಸ್ಥಾನದ ಅತ್ತರಿಗೂ ಹೋಗುವುದಿಲ್ಲ.

ಬಡಿತವನ್ನು ಇಲ್ಲಿ ಪ್ರೇಕ್ಷಕರಿಗೂ ಕೇಳಿಸಬೇಕೇ ಎಂಬುದರ ಮೇಲೆ ಎರಡು ತಾಲೀಮು ವಾದ ನಡೆಯಿತು. “ಸರ, ಬಾಗಲಾ ಬಡದ್ರ ನನಗ ಅಭಿನಯಕ್ಕ ಹಗೂರ ಆಗ್ತದ್ರಿ, ಆದ್ರ ವೈದ್ಯನೂ ದಾಸಿನೂ ಅದನ್ನ ಕೇಳಿಸ್ಕೊಳ್ಳಬೇಕಾಗ್ತದಲ್ಲರಿ” ಎಂದು ಶಿಕ್ಷಕಿಯೇ ಇತ್ಯರ್ಥ ಮಾಡಿದರು. ಅವರ ಮಾತು ಸರಿ. ಪಕ್ಕದಲ್ಲಿ ನಿಂತ ಇಬ್ಬರಿಗೂ, ಸಭಾಗೃಹದಲ್ಲಿ ಕೂತ ಯಾರಿಗೂ ಕೇಳದ ಸದ್ದು ಒಬ್ಬಳಿಗೆ ಮಾತ್ರ ಕೇಳಬೇಕು. ಎಡಗಡೆಯ ಬಾಗಿಲಿಗೆ ಆ ದೃಶ್ಯದಲ್ಲಿ ಕೆಲಸವಿಲ್ಲ.

ಅತ್ತ ಗಂಡನ ಕಿವಿ ಮಂದವಾಗುತ್ತ ಹೋಗಿದೆ. ಐದನೆಯ ದೃಶ್ಯದಲ್ಲಿ ಒಳಗಿನಿಂದ ಹೆಂಗಸರು ಗೋಳಿಡುವುದನ್ನು ಕೇಳಿದಾಗ, ಹಿಂದೊಮ್ಮೆ ರಾತ್ರಿಯ ಚೀರು ಕೇಳಿದರೆ ಮೈ ತಣ್ಣಗಾಗುತ್ತಿತ್ತು, ಈಗ ಭಯದ ರುಚಿಯೇ ಮರೆತಿದೆ ಎನ್ನುತ್ತಾನೆ. ಮರುಕ್ಷಣ ಹೆಂಡತಿ ಸತ್ತ ಸುದ್ದಿ ಬರುತ್ತದೆ. ಅವನಿಗೆ ಪಶ್ಚಾತ್ತಾಪವಿಲ್ಲದ್ದರಿಂದ ಹೀಗಾಯಿತೆಂದು ನಿರ್ದೇಶಕರ ಅಭಿಪ್ರಾಯ. ನನಗೆ ಹಾಗನ್ನಿಸುವುದಿಲ್ಲ. ನೆತ್ತರಲ್ಲಿ ಇಷ್ಟು ದೂರ ನಡೆದ ಮೇಲೆ ಹಿಂದಿರುಗುವುದೂ ಮುಂದೆ ಹೋದಷ್ಟೇ ಬೇಸರದ ಕೆಲಸ ಎಂದು ಮೂರನೆಯ ಅಂಕದಲ್ಲಿಯೇ ಹೇಳಿದವನು, ಒಂದೊಂದು ಕೊಲೆಗೂ ತನ್ನ ಕಿವಿಯನ್ನು ತಾನೇ ಸ್ವಲ್ಪ ಸ್ವಲ್ಪ ಮುಚ್ಚಿಕೊಂಡಿದ್ದಾನೆ. ಮಹತ್ವಾಕಾಂಕ್ಷೆ ಅವನಿಂದ ವಸೂಲು ಮಾಡಿದ್ದು ಅದನ್ನೇ.

ಆ ಗೋಳು ಜೋರಾಗಿರಬೇಕು, ಅವನು ತಿರುಗಿ ನೋಡಬಾರದು ಎಂಬಷ್ಟಕ್ಕೆ ಇಬ್ಬರೂ ಒಪ್ಪಿದ್ದೇವೆ. ಮಾಟಗಾತಿಯರ ಪಾರ್ಟಿನ ಮೂವರೇ ವಿಂಗಿನ ಹಿಂದೆ ನಿಂತು ಗೋಳಿಡುತ್ತಾರೆ. ಬರುವ ರವಿವಾರ ಅದರ ಮೊದಲ ತಾಲೀಮು. ಕೊನೆಯಲ್ಲಿ ವೈರಿ ಸೈನಿಕರು ಕೊಂಬೆಗಳನ್ನು ಕಡಿದು ಹಿಡಿದು ಬರುವ ಬರ್ನಮ್ ಕಾಡಿನ ಎಲೆಗಳ ಸದ್ದನ್ನು ಇನ್ನೂ ಮುಟ್ಟಿಲ್ಲ; ಒಣಗಿದ ಜೋಳದ ಕಣಿಕೆ ಸಾಕಾದೀತೆಂದು ಕ್ಯಾಶಿಯರ್ ತಮ್ಮ ಹೊಲದಿಂದ ಎರಡು ಸೂಡು ತರುವುದಾಗಿ ಹೇಳಿದ್ದಾರೆ.