ಲೇಸರ್ ವೆಲ್ಡ್ ಸಿಮ್ಯುಲೇಶನ್: ಕರಗಿದ ಉಕ್ಕು ಹರಿಯುವುದು ಯಾವ ಕಡೆಗೆ?

ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ನ ಹಾಪರ್ ಇರಲಿ, ಹಣ್ಣು ತೊಳೆಯುವ ತೊಟ್ಟಿ ಇರಲಿ, 304 ದರ್ಜೆಯ ಸ್ಟೇನ್‌ಲೆಸ್ ಶೀಟು ಒಳ್ಳೆಯ ಆಯ್ಕೆ. ಕೊಡಗಿನ ಪೊನ್ನಂಪೇಟೆ, ಕುಶಾಲನಗರದಲ್ಲಿ ಎಂಜಿನಿಯರಿಂಗ್ ಓದುತ್ತಾ ಲೇಸರ್ ವೆಲ್ಡಿಂಗನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವ ಪ್ರಾಜೆಕ್ಟ್‌ಗೆ ಕೈಹಾಕುವವರು ಇದನ್ನೇ ಹಿಡಿಯಿರಿ: 2 ಮಿ.ಮೀ. ದಪ್ಪ, 500 ವ್ಯಾಟ್, ಕಿರಣದ ತ್ರಿಜ್ಯ 0.5 ಮಿ.ಮೀ., ವೇಗ ಸೆಕೆಂಡಿಗೆ 20 ಮಿ.ಮೀ. ಬಿದ್ದ ಬೆಳಕಿನಲ್ಲಿ ಶೇ. 30 ಹೀರಲ್ಪಡುತ್ತದೆ ಎಂದುಕೊಂಡರೆ, ಗಾಸಿಯನ್ (ನಡುವೆ ತೀವ್ರ, ಅಂಚಿಗೆ ಹೋದಂತೆ ಮಂದ) ಕಿರಣದ ನಟ್ಟನಡುವೆ ಚದರ ಮಿ.ಮೀ.ಗೆ ಸುಮಾರು 380 ವ್ಯಾಟ್ ಒಳಗಿಳಿಯುತ್ತದೆ. ಲೋಹ ಕರಗುತ್ತದೆ, ಕೀಹೋಲ್ (ಲೋಹ ಆವಿಯಾಗಿ ಕೊರೆಯುವ ಆಳದ ತೂತು) ತೆರೆಯುವುದಿಲ್ಲ. ಕೈ ಕುದುರುವುದು ಇಲ್ಲೇ. ಕೀಹೋಲ್ ಆಮೇಲೆ.

ಬಹಳ ಮಂದಿ ಬರೀ ಉಷ್ಣವಹನದ ಸಮೀಕರಣ ಬಿಡಿಸುತ್ತಾರೆ. ವೆಲ್ಡಿನ ಆಕಾರ ನಿಜದ್ದಕ್ಕೆ ಹೊಂದದಿದ್ದರೆ ದ್ರವದ ಉಷ್ಣವಾಹಕತೆಯನ್ನು ಐದಾರು ಪಟ್ಟು ಹೆಚ್ಚಿಸಿ ಹೊಂದಿಸಿಬಿಡುತ್ತಾರೆ. ಇದು ಸರಿಯಲ್ಲ. ಕರಗಿದ ಉಕ್ಕು ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಹರಿದರೆ ಪೆಕ್ಲೆ ಸಂಖ್ಯೆ (ಹರಿವು ಒಯ್ಯುವ ಶಾಖಕ್ಕೂ ವಹನ ಒಯ್ಯುವ ಶಾಖಕ್ಕೂ ಇರುವ ಅನುಪಾತ) 50ರ ಆಸುಪಾಸು ಬರುತ್ತದೆ, ಅಂದರೆ ಶಾಖವನ್ನು ಹೊತ್ತೊಯ್ಯುವುದು ಮುಖ್ಯವಾಗಿ ಹರಿವೇ. ಹರಿವಿಗೆ ದಿಕ್ಕಿದೆ, ಹಿಗ್ಗಿಸಿದ ವಾಹಕತೆಗೆ ದಿಕ್ಕಿಲ್ಲ.

ಆ ದಿಕ್ಕನ್ನು ತೀರ್ಮಾನಿಸುವುದು ಮೇಲ್ಮೈ ಎಳೆತ. ಶುದ್ಧ ಕಬ್ಬಿಣದಲ್ಲಿ ಬಿಸಿ ಏರಿದಂತೆ ಎಳೆತ ಇಳಿಯುತ್ತದೆ, ಪ್ರತಿ ಡಿಗ್ರಿಗೆ ಮೀಟರಿಗೆ ಸುಮಾರು 0.00043 ನ್ಯೂಟನ್. ಎಳೆತ ಹೆಚ್ಚಿರುವ ಕಡೆಗೇ ದ್ರವ ಸರಿಯುವುದರಿಂದ ಆಗ ಲೋಹ ಬಿಸಿಯಾದ ನಡುವಿನಿಂದ ಅಂಚಿಗೆ ಓಡುತ್ತದೆ, ವೆಲ್ಡ್ ಅಗಲವಾಗಿ ಆಳ ಕಡಿಮೆಯಾಗುತ್ತದೆ. ಗಂಧಕ ಸಾಕಷ್ಟಿದ್ದರೆ ಎಲ್ಲ ತಿರುಗುಮುರುಗು: ಒಂದು ಉಷ್ಣತೆಯವರೆಗೆ ಎಳೆತ ಏರುತ್ತದೆ, ಲೋಹ ಅಂಚಿನಿಂದ ನಡುವಿಗೆ ಬಂದು ಕೆಳಕ್ಕೆ ಧುಮುಕುತ್ತದೆ, ವೆಲ್ಡ್ ಆಳವಾಗುತ್ತದೆ. ವೆಲ್ಡಿಂಗ್ ಸಂಶೋಧಕರಾದ ಹೈಪಲ್ ಮತ್ತು ರೋಪರ್ 1982ರಲ್ಲಿ ವಿವರಿಸಿದ್ದು ಇದನ್ನೇ. 304ರಲ್ಲಿ ಗಂಧಕ ಶೇ. 0.03ರವರೆಗೆ, ಅಂದರೆ 300 ಪಿಪಿಎಂವರೆಗೆ (ಹತ್ತು ಲಕ್ಷಕ್ಕೆ 300 ಪಾಲು) ಇರಬಹುದು. ಹಾಗಾಗಿ 30 ಪಿಪಿಎಂನ ಶೀಟೂ 200 ಪಿಪಿಎಂನ ಶೀಟೂ ಎರಡೂ 304ಯೇ, ಅದೇ ಸೆಟ್ಟಿಂಗಿನಲ್ಲಿ ವೆಲ್ಡ್ ಮಾತ್ರ ಬೇರೆ ಬೇರೆ. ಶೀಟಿನ ಟೆಸ್ಟ್ ಸರ್ಟಿಫಿಕೇಟ್ ಕೇಳಿ ಪಡೆಯಿರಿ. ಗಂಧಕದ ಅಂಕಿ ಇಲ್ಲದೆ ಈ ಲೆಕ್ಕ ಶುರು ಮಾಡುವುದರಲ್ಲಿ ಅರ್ಥವಿಲ್ಲ.

ಈಗ ಮೆಶ್, ಅಂದರೆ ಲೆಕ್ಕಕ್ಕಾಗಿ ಲೋಹವನ್ನು ಚಿಕ್ಕ ಚಿಕ್ಕ ಸೆಲ್‌ಗಳಾಗಿ ವಿಂಗಡಿಸುವ ಬಲೆ. ದ್ರವ ಉಕ್ಕಿನ ಸ್ನಿಗ್ಧತೆ ಸುಮಾರು 0.005 ಪ್ಯಾಸ್ಕಲ್-ಸೆಕೆಂಡ್, ಸಾಂದ್ರತೆ ಸುಮಾರು 7000 ಕೆಜಿ/ಘನ ಮೀ. ಇವುಗಳಿಂದ ಮೇಲ್ಮೈಯಡಿಯಲ್ಲಿ ವೇಗವಾಗಿ ಹರಿಯುವ ಪದರ ಸುಮಾರು 25 ಮೈಕ್ರಾನ್ ದಪ್ಪ ಎಂದು ಸಿಗುತ್ತದೆ. 50 ಮೈಕ್ರಾನಿನ ಸೆಲ್ ಇಟ್ಟರೆ ಆ ಪದರ ಕಾಣುವುದೇ ಇಲ್ಲ, ಹರಿವು ಸೋತು ಹೋಗುತ್ತದೆ. ಮೇಲ್ಮೈಗೆ ಲಂಬವಾಗಿ 5 ಮೈಕ್ರಾನ್, ಉದ್ದಕ್ಕೆ 10 ಮೈಕ್ರಾನ್ ಬೇಕು, ದೂರ ಸರಿದಂತೆ ದಪ್ಪ ಮಾಡಬಹುದು. ಕಿರಣ ಸಾಗುವ ಗೆರೆಯಲ್ಲಿ ಸೀಳಿ ಅರ್ಧ ಭಾಗ ಮಾತ್ರ ಬಿಡಿಸಿದರೆ ಸೆಲ್‌ಗಳೂ ಅರ್ಧ. ಹೆಚ್ಚೆಂದರೆ ಸೆಕೆಂಡಿಗೆ 1 ಮೀಟರ್ ವೇಗ, ಕೊರಾಂಟ್ ಸಂಖ್ಯೆ (ಲೆಕ್ಕದ ಒಂದು ಹೆಜ್ಜೆಯಲ್ಲಿ ಹರಿವು ಒಂದು ಸೆಲ್‌ನ ಎಷ್ಟು ಪಾಲು ದಾಟುತ್ತದೆ ಎಂಬ ಅಳತೆ) 0.5 ಎಂದರೆ ಟೈಮ್‌ಸ್ಟೆಪ್, ಅಂದರೆ ಆ ಹೆಜ್ಜೆಯ ಕಾಲ, 5 ಮೈಕ್ರೋಸೆಕೆಂಡ್.

ಕರಗುವಿಕೆಗೆ ವೊಲ್ಲರ್ ಮತ್ತು ಪ್ರಕಾಶ್ 1987ರಲ್ಲಿ ಕೊಟ್ಟ ಎಂಥಾಲ್ಪಿ-ಪೊರೋಸಿಟಿ ವಿಧಾನ ಸಾಕು; ಅರೆ ಕರಗಿದ ಲೋಹವನ್ನು ಅದು ಹರಿವಿಗೆ ತಡೆಯೊಡ್ಡುವ ರಂಧ್ರಮಯ ವಸ್ತುವಿನಂತೆ ನೋಡುತ್ತದೆ. ಅದರಲ್ಲಿ ಎಡವುವುದು ಮಶಿ ಸ್ಥಿರಾಂಕದಲ್ಲಿ, ಅಂದರೆ ಆ ತಡೆ ಎಷ್ಟು ಬಲವಾಗಿರಬೇಕೆಂದು ಹೇಳುವ ಅಂಕಿಯಲ್ಲಿ. ತೀರಾ ಚಿಕ್ಕದಾದರೆ ಗಟ್ಟಿ ಲೋಹವೂ ತೆವಳುತ್ತದೆ, ತೀರಾ ದೊಡ್ಡದಾದರೆ ಕರಗಿದ ಲೋಹದ ಕೊಳದ ಅಂಚಿನ ಹರಿವು ಉಸಿರುಗಟ್ಟುತ್ತದೆ ಅಥವಾ ಲೆಕ್ಕ ಸಿಡಿಯುತ್ತದೆ. 10⁵, 10⁶, 10⁷ ಮೂರನ್ನೂ ಓಡಿಸಿ ಆಳ ಎಷ್ಟು ಬದಲಾಯಿತೆಂದು ನೋಡಿ. ಗಟ್ಟಿ ಭಾಗದ ವೇಗ ಶೂನ್ಯಕ್ಕೆ ಹತ್ತಿರವಿದೆಯೇ ಎಂಬುದನ್ನೂ. ಗಟ್ಟಿ 304ರ ಉಷ್ಣವಾಹಕತೆಯನ್ನು 15 ವ್ಯಾಟ್/ಮೀ.ಕೆ. ಎಂದು ಸ್ಥಿರವಾಗಿಡಬೇಡಿ, ಬಿಸಿಯೊಡನೆ ಅದು 25 ದಾಟುತ್ತದೆ.

ತಾಳೆ ನೋಡಲು ವೆಲ್ಡನ್ನು ಅಡ್ಡ ಕತ್ತರಿಸಿ, ಪಾಲಿಶ್ ಮಾಡಿ, ಶೇ. 10ರ ಆಕ್ಸಾಲಿಕ್ ಆಮ್ಲದಲ್ಲಿ ವಿದ್ಯುತ್ ಎಚಿಂಗ್ (ವೆಲ್ಡಿನ ಗಡಿ ಕಾಣುವಂತೆ ಮೇಲ್ಮೈಯನ್ನು ತುಸು ಸವೆಸುವುದು) ಮಾಡಿ ಅಗಲ, ಆಳ ಎರಡನ್ನೂ ಅಳೆಯಿರಿ. ಅಗಲ ಹೊಂದಿ ಆಳ ಹೊಂದದಿದ್ದರೆ ಹೀರಿಕೆಯ ಅಂಕಿಯನ್ನು ತಿರುಚುವ ಮುಂಚೆ ಗಂಧಕವನ್ನೂ ಮೇಲ್ಮೈ ಮೆಶ್ಶನ್ನೂ ನೋಡಿ.

ಈ ಲೆಕ್ಕವನ್ನು ಓಪನ್‌ಫೋಮ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಮಾಡುವವರಿಗೆ ಇನ್ನೊಂದು ಮಾತು. ಜೂನ್ ಬಂತೆಂದರೆ ನಮ್ಮಲ್ಲಿ ಮರ ಬಿದ್ದು ಕರೆಂಟ್ ಹೋಗುವುದು ಇದ್ದದ್ದೇ, ಈ ಲೆಕ್ಕವೋ ದಿನಗಟ್ಟಲೆ ಓಡುವಂಥದ್ದು. ಅದರ ಸೆಟ್ಟಿಂಗ್‌ಗಳಲ್ಲಿ ರೈಟ್‌ಕಂಟ್ರೋಲ್‌ಗೆ ಕ್ಲಾಕ್‌ಟೈಮ್, ರೈಟ್‌ಇಂಟರ್ವಲ್‌ಗೆ 900, ಪರ್ಜ್‌ರೈಟ್‌ಗೆ 3 ಕೊಡಿ. ಹದಿನೈದು ನಿಮಿಷಕ್ಕೊಮ್ಮೆ ಉಳಿಸುತ್ತದೆ, ಡಿಸ್ಕೂ ತುಂಬುವುದಿಲ್ಲ. ಸ್ಟಾರ್ಟ್‌ಫ್ರಮ್ ಅನ್ನು ಲೇಟೆಸ್ಟ್‌ಟೈಮ್‌ಗೆ ಇಟ್ಟರೆ ಕರೆಂಟ್ ಬಂದ ಮೇಲೆ ಮತ್ತೆ ಓಡಿಸಿದಾಗ ಕೊನೆಯದಾಗಿ ಉಳಿಸಿದಲ್ಲಿಂದ ಮುಂದುವರಿಯುತ್ತದೆ. ಕೊನೆಯ ಫೋಲ್ಡರ್ ಅರ್ಧಂಬರ್ಧ ಬರೆದು ನಿಂತಿದ್ದರೆ ಅದನ್ನು ಅಳಿಸಿ ಹಿಂದಿನದರಿಂದ ಶುರು ಮಾಡಿ.