ಪಿಕಪ್ ಹಿಂದೆ ಧಡ್ ಅಂದರೆ ಮೊದಲು ಕೇಳಬೇಕಾದ್ದು ‘ಯಾವಾಗ?’

‘ಹಿಂದುಗಡೆ ಸೌಂಡ್ ಬರ್ತಿದೆ, ಬುಷ್ ಹಾಕಿಬಿಡಿ’. ದಾವಣಗೆರೆಯ ಗ್ಯಾರೇಜುಗಳಿಗೆ ಬರುವ ಎಷ್ಟೋ ಪಿಕಪ್ ಡ್ರೈವರುಗಳು ರೋಗ, ಔಷಧಿ ಎರಡನ್ನೂ ತಾವೇ ಹೇಳಿಬಿಡುತ್ತಾರೆ. ಬುಷ್ (ಸ್ಪ್ರಿಂಗ್ ಪಟ್ಟಾದ ಕೀಲಿಗೆ ಹಾಕುವ ಬಳೆ) ಹಾಕಿದ ಮೇಲೂ ಸದ್ದು ಹಾಗೇ ಇರುತ್ತದೆ, ದುಡ್ಡು ಮಾತ್ರ ಹೋಗಿರುತ್ತದೆ. ಚಾಸಿ (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು) ಉದ್ದಕ್ಕೂ ಸದ್ದು ಹರಿಯುವುದರಿಂದ ಎಲ್ಲಿಂದ ಬರುತ್ತಿದೆ ಎಂದು ಕಿವಿಯೊಂದನ್ನೇ ನಂಬಿ ಹೇಳಲಾಗದು. ಯಾವಾಗ ಬರುತ್ತದೆ ಅನ್ನುವುದು ಮಾತ್ರ ಸುಳ್ಳು ಹೇಳುವುದಿಲ್ಲ. ಹಂಪ್ ಇಳಿಯುವಾಗಲೋ, ಕ್ಲಚ್ ಬಿಟ್ಟು ಗಾಡಿ ಎಳೆಯುವಾಗಲೋ, ಬ್ರೇಕ್ ಒತ್ತಿದಾಗಲೋ? ಖಾಲಿ ಇದ್ದಾಗಲೋ, ಲೋಡಿದ್ದಾಗಲೋ? ಇಷ್ಟಕ್ಕೆ ಸರಿಯಾದ ಉತ್ತರ ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ.

ಸ್ಪ್ಯಾನರ್ ಹಿಡಿಯುವ ಮೊದಲು ಡಾಲಾ (ಹಿಂದಿನ ಬಾಗಿಲು), ಅದರ ಕೊಂಡಿ, ಸರಪಳಿ, ಕೆಳಗೆ ನೇತಾಡುವ ಸ್ಟೆಪ್ನಿ, ಸೈಲೆನ್ಸರ್ ರಬ್ಬರ್, ಬಾಡಿಯನ್ನು ಚಾಸಿಗೆ ಹಿಡಿದ ಬೋಲ್ಟುಗಳನ್ನು ಕೈಯಿಂದ ಅಲ್ಲಾಡಿಸಿ ನೋಡಿ. ಸ್ಟೆಪ್ನಿ ಬಿಚ್ಚಿಟ್ಟು, ಡಾಲಾವನ್ನು ಹಗ್ಗದಿಂದ ಬಿಗಿದು ಒಂದು ಸುತ್ತು ಹೊಡೆದರೆ ಎಷ್ಟೋ ಸಲ ಸದ್ದು ಅಲ್ಲಿಗೇ ನಿಲ್ಲುತ್ತದೆ.

ನಿಲ್ಲದಿದ್ದರೆ ಎರಡು ಪರೀಕ್ಷೆ. ಹೈವೇ ಸರ್ವಿಸ್ ರಸ್ತೆಯ ಹಂಪನ್ನು 10–15 ಕಿ.ಮೀ. ವೇಗದಲ್ಲಿ, ಆಕ್ಸಿಲರೇಟರ್ ಒತ್ತದೆ, ಬ್ರೇಕ್ ಮುಟ್ಟದೆ ದಾಟಿ. ಆಗ ಧಡ್ ಅಂದರೆ ಸಸ್ಪೆನ್ಷನ್ (ಪಟ್ಟಾ, ಬುಷ್, ಶಾಕ್ ಅಬ್ಸಾರ್ಬರ್) ಕಡೆ ನೋಡಿ. ಆಮೇಲೆ ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಫಸ್ಟ್ ಗೇರ್, ರಿವರ್ಸ್, ಮತ್ತೆ ಫಸ್ಟ್ ಹಾಕಿ ಕ್ಲಚ್ಚನ್ನು ಮೆಲ್ಲಗೆ ಬಿಡಿ. ಪ್ರತಿ ಸಲವೂ ಒಂದೇ ಏಟು ‘ಕಟಕ್’ ಅಂದರೆ ಪ್ರೊಪೆಲ್ಲರ್ ಶಾಫ್ಟ್ (ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಹೋಗುವ ತಿರುಗುವ ದಂಡ) ಕಡೆ ಹೋಗಿ.

ಶಾಫ್ಟ್ ನೋಡುವಾಗ ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಕಟ್ಟಿಗೆ ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ ಹ್ಯಾಂಡ್ ಬ್ರೇಕ್ ಬಿಡಿ. ಕ್ರಾಸಿನ (ಶಾಫ್ಟ್ ಕೀಲಿನ ನಡುವಿನ + ಆಕಾರದ ತುಂಡು) ಎರಡು ಬದಿಯ ಯೋಕ್ (ಅದನ್ನು ಹಿಡಿದ ಕವಲು) ಹಿಡಿದು ಒಂದಕ್ಕೊಂದು ವಿರುದ್ಧವಾಗಿ ತಿರುಚಿ. ಅಲ್ಲಿ ಕೈಗೆ ಸಿಗುವಷ್ಟು ಆಟ (ಸಡಿಲ) ಇದ್ದರೂ ಕ್ರಾಸ್ ಬದಲಿಸಲೇಬೇಕು. ಕ್ರಾಸಿನ ತುದಿಯ ಬೇರಿಂಗ್ ಕಪ್ ಸುತ್ತ ಕೆಂಪು ಪುಡಿ ಉದುರಿದ್ದರೆ ಒಳಗೆ ಗ್ರೀಸ್ ಒಣಗಿ ಸೂಜಿ ಬೇರಿಂಗ್ ತಿಂದುಹೋಗಿದೆ ಎಂದೇ ಅರ್ಥ. ಎರಡು ತುಂಡಿನ ಶಾಫ್ಟ್ ಆಗಿದ್ದರೆ ಸೆಂಟರ್ ಬೇರಿಂಗಿನ ರಬ್ಬರ್ ಹರಿದಿದೆಯೇ ನೋಡಿ. ಸ್ಪ್ಲೈನ್ (ಶಾಫ್ಟ್ ಒಳಗೆ-ಹೊರಗೆ ಜಾರುವ ಹಲ್ಲಿನ ಜೋಡಣೆ) ಬರೀ ಒಣಗಿದ್ದರೆ ಗ್ರೀಸ್ ಸಾಕು, ಹಲ್ಲು ಸವೆದಿದ್ದರೆ ಗ್ರೀಸ್ ನಾಲ್ಕು ದಿನದ ಸಮಾಧಾನ. ಪಿನಿಯನ್ ಫ್ಲೇಂಜನ್ನು (ಶಾಫ್ಟ್ ಆಕ್ಸಲ್ಲಿಗೆ ಸೇರುವ ಬಿಲ್ಲೆ) ತಿರುಗಿಸಿದಾಗ ಸ್ವಲ್ಪ ಆಟ ಇರುವುದು ಸಹಜ, ಅದೊಂದನ್ನೇ ಕಂಡು ಹೌಸಿಂಗ್ (ಆಕ್ಸಲ್ ಗೇರುಗಳ ಪೆಟ್ಟಿಗೆ) ಬಿಚ್ಚಬೇಡಿ. ಆಯಿಲ್ ಇಳಿಸಿದಾಗ ಕಬ್ಬಿಣದ ಚೂರು ಬಂದರೆ ಬಿಚ್ಚಿ.

ನಮ್ಮ ಕಡೆಯ ಗಾಡಿಗಳಲ್ಲಿ ಕಣ್ಣಿಗೆ ಬೀಳದೆ ತುಂಬ ತಪ್ಪಿಹೋಗುವುದು ಯು-ಬೋಲ್ಟ್, ಅಂದರೆ ಪಟ್ಟಾವನ್ನು ಆಕ್ಸಲ್ಲಿಗೆ ಬಿಗಿದು ಹಿಡಿಯುವ U ಆಕಾರದ ಬೋಲ್ಟ್. ಮೆಕ್ಕೆಜೋಳದ ಸುಗ್ಗಿ ಬಂತೆಂದರೆ ಜಗಳೂರು ಕಡೆಯಿಂದ ಎಪಿಎಂಸಿಗೆ ಓಡುವ ಪಿಕಪ್ಪುಗಳಿಗೆ ಒಂದು ಪಟ್ಟಾ (ಸ್ಪ್ರಿಂಗಿನ ಉಕ್ಕಿನ ಪಟ್ಟಿ) ಹೆಚ್ಚಿಗೆ ಹಾಕಿಸುವುದು ವಾಡಿಕೆ. ಪಟ್ಟಾ ದಪ್ಪವಾಯಿತು, ಯು-ಬೋಲ್ಟ್ ಮಾತ್ರ ಹಳೆಯದೇ. ನಟ್ ಪೂರ್ತಿ ಕಚ್ಚುವಷ್ಟು ಥ್ರೆಡ್ ಉಳಿಯುವುದಿಲ್ಲ, ಲೋಡಿನಲ್ಲಿ ಸಡಿಲವಾಗುತ್ತದೆ. ಆಮೇಲೆ ಆಕ್ಸಲ್ ಪಟ್ಟಾದ ಮೇಲೆ ಹೊರಳತೊಡಗಿ ಹಂಪಿನಲ್ಲೂ ಸದ್ದು, ಕ್ಲಚ್ ಬಿಟ್ಟಾಗಲೂ ಸದ್ದು, ಬ್ರೇಕ್ ಒತ್ತಿದರೂ ಸದ್ದು. ಮೂರೂ ಹೊತ್ತಿನಲ್ಲಿ ಬರುವ ಸದ್ದಿಗೆ ಮೊದಲು ಅನುಮಾನ ಪಡಬೇಕಾದ್ದು ಇದರ ಮೇಲೆ. ಪಟ್ಟಾ ಕೂರುವ ಸೀಟಿನ ಅಂಚನ್ನು ಬಟ್ಟೆಯಿಂದ ಒರೆಸಿ ನೋಡಿ: ಸುತ್ತಲೂ ಧೂಳು, ಗ್ರೀಸಿನ ಕಪ್ಪು, ನಡುವೆ ಒಂದು ಗೆರೆ ಮಾತ್ರ ಹೊಸ ಕಬ್ಬಿಣದಂತೆ ಹೊಳೆಯುತ್ತಿರುತ್ತದೆ. ಅಲ್ಲಿ ತಿಕ್ಕಾಟ ನಡೆದಿದೆ.

ಹಾಗಿದ್ದರೆ ನಟ್ ಬಿಗಿದು ಕಳಿಸಬೇಡಿ. ಪಟ್ಟಾದ ಮುಂತುದಿಯ ಕಣ್ಣಿನಿಂದ (ಬೋಲ್ಟ್ ಕೂರುವ ಸುರುಳಿ ತೂತು) ಆಕ್ಸಲ್ ನಡುವಿನವರೆಗೆ ಎಡಬಲ ಎರಡೂ ಕಡೆ ಟೇಪ್ ಹಿಡಿದು ಅಳೆಯಿರಿ. ವ್ಯತ್ಯಾಸವಿದ್ದರೆ ಸೆಂಟರ್ ಬೋಲ್ಟ್ (ಪಟ್ಟಾಗಳ ನಡುವೆ ತೂರಿಸಿ ಅವನ್ನು ಜೋಡಿಸಿದ ಬೋಲ್ಟ್) ತುಂಡಾಗಿರುವ ಸಾಧ್ಯತೆ ಹೆಚ್ಚು. ಇಂಥ ಗಾಡಿ ನೇರ ರಸ್ತೆಯಲ್ಲೂ ಓರೆಯಾಗಿ ಓಡುತ್ತದೆ. ಪಟ್ಟಾ ಸೀಳುವುದೂ ಹೆಚ್ಚಾಗಿ ಆ ಬೋಲ್ಟಿನ ತೂತಿನ ಹತ್ತಿರವೇ. ಕ್ಲ್ಯಾಂಪಿನ ಅಡಿ ಇರುವುದರಿಂದ ಬಿಚ್ಚದೆ ಕಾಣುವುದಿಲ್ಲ. ಯು-ಬೋಲ್ಟ್ ಹೊಸದೇ ಹಾಕಿ, ಹಳೆಯದು ಎಳೆದುಕೊಂಡಿರುತ್ತದೆ. ನಾಲ್ಕು ನಟ್ಟುಗಳನ್ನು ಅಡ್ಡಡ್ಡವಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಕಂಪನಿ ಹೇಳಿದ ಟಾರ್ಕಿಗೆ (ಬಿಗಿತದ ಅಳತೆಗೆ) ತನ್ನಿ. ಮೊದಲ ಲೋಡ್ ಇಳಿಸಿದ ಮೇಲೆ ಮತ್ತೊಮ್ಮೆ ಟಾರ್ಕ್ ನೋಡಲೇಬೇಕು. ಡ್ರೈವರ್ ಅವಸರದಲ್ಲಿದ್ದರೂ ಇದನ್ನು ಬಿಡಿಸಿ ಹೇಳಿ ಕಳಿಸಿ.

ಶ್ಯಾಕಲ್ (ಪಟ್ಟಾದ ತುದಿಯನ್ನು ಚಾಸಿಗೆ ಹಿಡಿಯುವ ಕೊಂಡಿ) ಬುಷ್ ನೋಡಲು ಚಾಸಿಗೆ ಸ್ಟ್ಯಾಂಡ್ ಕೊಟ್ಟು ಆಕ್ಸಲ್ ಇಳಿಬಿಟ್ಟು, ಪಟ್ಟಾ ಕಣ್ಣಿಗೂ ಬ್ರಾಕೆಟ್ಟಿಗೂ ನಡುವೆ ರಾಡ್ ಹಾಕಿ ಮೀಟಿ. ರಬ್ಬರ್ ಬುಷ್ ಬದಲಿಸಿದರೆ ಕೊನೆಯ ಬಿಗಿತ ಗಾಡಿ ನೆಲದ ಮೇಲೆ ನಿಂತ ಮೇಲೆಯೇ. ಎತ್ತಿದ ಸ್ಥಿತಿಯಲ್ಲಿ ಬಿಗಿದರೆ ಗಾಡಿ ಇಳಿದಾಗ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಹೊಸ ಬುಷ್ ಬಾಳಿಕೆ ಬರಲಿಲ್ಲ ಎಂಬ ದೂರಿಗೆ ಹೆಚ್ಚಾಗಿ ಇದೇ ಕಾರಣ, ಸಾಮಾನು ಕೆಟ್ಟದ್ದೆಂದಲ್ಲ. ಶಾಕ್ ಅಬ್ಸಾರ್ಬರ್ ಮೇಲೆ ಅನುಮಾನವಿದ್ದರೆ ಎರಡನ್ನೂ ಬಿಚ್ಚಿಟ್ಟು ಖಾಲಿ ಗಾಡಿಯನ್ನು ಅಂಗಳದಲ್ಲೇ ಮೆಲ್ಲಗೆ ಓಡಿಸಿ. ಸದ್ದು ಹೋದರೆ ಅದೇ, ಹೋಗದಿದ್ದರೆ ಮಾಲೀಕನ ದುಡ್ಡು ಉಳಿಯಿತು.

ಬ್ರೇಕ್ ಒತ್ತಿದಾಗ ಮಾತ್ರ ಬರುವ ಸದ್ದಿಗೆ ಡ್ರಮ್ ಬಿಚ್ಚಿ ಶೂ ಸ್ಪ್ರಿಂಗ್, ಪಿನ್ ನೋಡಿ. ಅದಕ್ಕೂ ಮೊದಲು ವೀಲ್ ನಟ್ಟುಗಳ ಬುಡ ನೋಡಿ. ಅಲ್ಲಿಂದ ಚಕ್ರದ ಡಿಸ್ಕಿನ (ಟೈರ್ ಕೂರುವ ಕಬ್ಬಿಣದ ಬಿಲ್ಲೆ) ಮೇಲೆ ತುಕ್ಕಿನ ಗೆರೆ ಹರಿದಿದ್ದರೆ ನಟ್ ಸಡಿಲವಾಗಿದೆ. ಅಂಥ ಗಾಡಿಗೆ ಟೆಸ್ಟ್ ಡ್ರೈವ್ ಬೇಡ. ಚಕ್ರ ಬಿಚ್ಚಿ, ಡಿಸ್ಕಿನ ತೂತು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಡಿಸ್ಕ್ ಬದಲಿಸಿ, ಸ್ಟಡ್ (ವೀಲ್ ನಟ್ ಕೂರುವ ಬೋಲ್ಟ್) ಥ್ರೆಡ್ ಹೋಗಿದ್ದರೆ ಅದನ್ನೂ ಹೊಸದು ಹಾಕಿ, ಆಮೇಲೆ ಗಾಡಿ ಹೊರಗೆ ಬಿಡಿ.