ನಾಯರ್ ತರವಾಡು ನೋಡಲು ಹೋಗುವವರಿಗೆ

ಕೇರಳದ ಒಟ್ಟಪ್ಪಾಲಂ ಕಡೆಗೆ ಹಳೆಯ ಮನೆ ನೋಡಲು ಹೊರಟವರೆಲ್ಲ ಮೊದಲು ಹೋಗುವುದು ‘ವರಿಕ್ಕಾಶ್ಶೇರಿ ಮನ’ ಎಂಬ ಮನೆಗೆ. ಸಿನಿಮಾಗಳಲ್ಲಿ ನೋಡಿದ ಮನೆ ಅಲ್ವಾ! ಚೆಂದವಾಗಿದೆ, ನೋಡಿ. ಆದರೆ ಅದು ನಂಬೂದಿರಿಗಳದ್ದು, ಅಂದರೆ ಕೇರಳದ ಬ್ರಾಹ್ಮಣರದ್ದು. ಅಲ್ಲಿ ಮನೆತನ ತಂದೆಯ ಕಡೆಯಿಂದ ಸಾಗುತ್ತದೆ. ತಾಯಿಯ ಕಡೆಯಿಂದ ಬೆಳೆದ ಕೂಡುಕುಟುಂಬದ ಮನೆ ನೋಡಬೇಕಿದ್ದರೆ ನಾಯರ್ ತರವಾಡನ್ನೇ ಹುಡುಕಬೇಕು.

ಬೆಂಗಳೂರಿನವರು ರೈಲಿನಲ್ಲಿ ಪಾಲಕ್ಕಾಡಿಗೆ, ಮಂಗಳೂರಿನವರು ಶೋರನೂರಿಗೆ ಬಂದರೆ ಸಾಕು. ಒಟ್ಟಪ್ಪಾಲಂ ಎರಡರ ನಡುವೆ ಇದೆ. ಎಷ್ಟೋ ತರವಾಡುಗಳಲ್ಲಿ ಈಗಲೂ ಜನ ವಾಸವಾಗಿದ್ದಾರೆ. ಫೋನ್ ಮಾಡದೆ ಗೇಟು ತೆಗೆದು ಒಳಗೆ ಹೋಗಬೇಡಿ. ಹೋಂಸ್ಟೇ ಇರುವ ಮನೆ ಸಿಕ್ಕರೆ ರಾತ್ರಿ ಉಳಿಯಿರಿ. ಅವಸರದಲ್ಲಿ ಬಂದು ಹೋಗುವವರಿಗೆ ಮರದ ಕೆತ್ತನೆಯಷ್ಟೇ ಕಾಣುತ್ತದೆ.

ನಾವು ಉಳಿದ ಮನೆ ನಾಲುಕೆಟ್ಟು. ನಡುವೆ ನಡುಮುಟ್ಟಂ ಎಂಬ ತೆರೆದ ಅಂಗಳ, ನಾಲ್ಕೂ ದಿಕ್ಕಿಗೆ ಒಂದೊಂದು ಪಡಸಾಲೆ. ನಮ್ಮ ತೊಟ್ಟಿಮನೆ ಕಂಡವರಿಗೆ ಹೊಸದೇನಲ್ಲ. ನಿಜವಾಗಿ ನಿಂತು ನೋಡಬೇಕಾದದ್ದು ಭತ್ತ ತುಂಬುತ್ತಿದ್ದ ಅರ. ಅದರ ಉಸ್ತುವಾರಿ ಕಾರಣವರದು, ಅಂದರೆ ಮನೆಯ ಹಿರಿಯ ಸೋದರಮಾವನದು. ಅಧಿಕಾರ ಜಾಸ್ತಿ, ಆದರೆ ಆಸ್ತಿ ಅವರ ಸ್ವಂತದ್ದಲ್ಲ. ಅವರ ಮಕ್ಕಳಿಗೂ ಅದರಲ್ಲಿ ಪಾಲಿಲ್ಲ, ಆ ಮಕ್ಕಳು ತಮ್ಮ ತಾಯಿಯ ತರವಾಡಿಗೆ ಸೇರಿದವರು. ಹೆಣ್ಣುಮಕ್ಕಳು ಮದುವೆಯಾದ ಮೇಲೂ ಹುಟ್ಟಿದ ಮನೆಯಲ್ಲೇ ಇರುತ್ತಿದ್ದರು, ಗಂಡ ಬಂದು ಹೋಗುತ್ತಿದ್ದ. ಚಿಕ್ಕವಳಿದ್ದಾಗ ಅಪ್ಪನಿಗಿಂತ ಮಾವನಿಗೇ ಹೆದರುತ್ತಿದ್ದೆ ಎಂದು ಆ ಮನೆಯ ಅಮ್ಮ ಹೇಳಿದರು. ಈ ಮಾತು ಕೇಳಿದ ಮೇಲೆ ಅದೇ ಕೋಣೆಗಳು ಬೇರೆಯಾಗಿಯೇ ಕಂಡವು. ಹಾಗಾಗಿ ಗೈಡ್‌ಗಿಂತ ಮನೆಯ ಹಿರಿಯ ಹೆಂಗಸರ ಜೊತೆ ಕೂತು ಮಾತಾಡಿ.

ಆಸ್ತಿ ಪಾಲಿನ ವಿಷಯ ಮಾತ್ರ ಅವರಾಗಿ ತೆಗೆಯದೆ ಕೇಳಬೇಡಿ. ಹಿಂದೆ ಎಲ್ಲರೂ ಒಪ್ಪದೆ ಆಸ್ತಿ ಒಡೆಯುವಂತಿರಲಿಲ್ಲ. ತಿರುವಾಂಕೂರಿನಲ್ಲಿ 1925ರ ಕಾನೂನು, ಮಲಬಾರಿನಲ್ಲಿ 1930ರ ದಶಕದ ಕಾನೂನು ಪಾಲಿಗೆ ದಾರಿ ಮಾಡಿದವು. 1976ರ ಡಿಸೆಂಬರ್ 1ರಿಂದ ಕೇರಳದಲ್ಲಿ ಹಿಂದೂ ಕೂಡುಕುಟುಂಬಕ್ಕೆ ಕಾನೂನಿನ ಮಾನ್ಯತೆಯೇ ಹೋಯಿತು. ಇಷ್ಟು ದೊಡ್ಡ ಮನೆಯ ರಿಪೇರಿ ಈಗ ಒಬ್ಬಿಬ್ಬರ ತಲೆಯ ಮೇಲಿದೆ. ಬಾಡಿಗೆಗೆ ಚೌಕಾಸಿ ಮಾಡಬೇಡಿ.

ಬಾಗಿಲುಗಳು ತಗ್ಗು, ತಲೆ ಜೋಪಾನ. ಸರ್ಪಕಾವಿನ, ಅಂದರೆ ನಾಗಬನದ ಹತ್ತಿರ ಕೇಳದೆ ಫೋಟೊ ಬೇಡ. ನಡುಮುಟ್ಟಕ್ಕೆ ಮಳೆ ಬೀಳುವುದನ್ನು ನೋಡಬೇಕಿದ್ದರೆ ಜೂನ್, ಜುಲೈ ಒಳ್ಳೆಯದು. ಆಗ ಕೊಳದ ಮೆಟ್ಟಿಲು ಜಾರುತ್ತದೆ, ಮಕ್ಕಳನ್ನು ಬಿಡಬೇಡಿ.

ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ ಹೋಗುವವರು ಮಂಗಳೂರು ದಾರಿಯಲ್ಲಿ ವಾಪಸ್ ಬನ್ನಿ. ಕಾಸರಗೋಡು ಕಡೆಯ ತರವಾಡುಗಳಲ್ಲಿ ಆಗ ತೆಯ್ಯಂ, ಅಂದರೆ ನಮ್ಮ ಭೂತಕೋಲದಂಥ ಆರಾಧನೆ, ನಡೆಯುತ್ತದೆ. ಅಲ್ಲಿಂದ ಮುಂದೆ ತುಳುನಾಡು. ಬಂಟರ ಗುತ್ತಿನ ಮನೆ, ತಾಯಿಯ ಕಡೆಯಿಂದ ಮನೆತನ ಸಾಗುವ ಅವರ ಅಳಿಯಕಟ್ಟು ಇದಕ್ಕೆ ತೀರಾ ಹತ್ತಿರದ್ದು. ಪರಿಚಯದವರಿದ್ದರೆ ಅದಕ್ಕೂ ಒಂದು ದಿನ ಇಟ್ಟುಕೊಳ್ಳಿ.